ಕಾಕಾ ಯಾವ ಕಲಂನಾಗ ಬರ್ತಾರ?

ಕಲಬುರಗಿ ಅಪ್ಪನ ಕೆರೆ ದಂಡಿ, ಸಂಜಿ ಆರೂವರಿ. ಸುಸಲಾ ಬಂದದ, ಮಿರ್ಚಿ ಬಂದಾವ. ಕಟ್ಟಿ ಮ್ಯಾಲ ನಾಕು ಮಂದಿ: ನೆಟ್ ಸೆಂಟರ್ ಬಸು, ಪೊಲೀಸ್ ವೆರಿಫಿಕೇಶನ್ ಮಾಡಿ ಮಾಡಿ ರಿಟೈರ್ ಆದ ಜಮಾದಾರ್ರು, ಲಾ ಕಾಲೇಜಿನ ಮೇಡಂ, ಮತ್ತ ಕಾಕಾ. ಮೂರು ಮಂದಿದು ಬಾಯಿ ನಡದದ, ಕಾಕಾಂದು ಹೆಬ್ಬೆಟ್ಟು ನಡದದ.

ಬಸು: ಕಾಕಾ, ಮಿರ್ಚಿ ಆರ್ಲತ್ತಾವ. ಮೊಬೈಲಿಗಿ ಏನ್ ಅಷ್ಟು ತಿಕ್ಲತ್ತೀರಿ?

ಕಾಕಾ: ಅಳಸ್ಲತ್ತೀನಪ. ನಮ್ಮ ಅಣ್ಣನ ಮಗ ಅಮೆರಿಕದಾಗ ಸಿಟಿಜನ್ ಆಗ್ಯಾನಲ್ಲ, ಅಂವಗ ಅಲ್ಲಿ ಸರ್ಕಾರದ ಗುತ್ತಿಗಿ ಹಿಡಿಯೋ ಕಂಪನ್ಯಾಗ ನೌಕ್ರಿ ಹತ್ತೇದ. ಸೆಕ್ಯೂರಿಟಿ ಕ್ಲಿಯರೆನ್ಸ್, ಅಂದ್ರ ಸರ್ಕಾರದ ರಹಸ್ಯ ಕಡತ ನೋಡ್ಲಕ ಪರವಾನಗಿ, ಆಗಬೇಕಂತ. ಫೇಸ್‌ಬುಕ್ಕು ಗೀಸ್‌ಬುಕ್ಕು ಎಲ್ಲಾ ಜಾಲಾಡ್ತಾರಂತ. ನಾ ದಿನಾ ವಾಟ್ಸಾಪಿನಾಗ ಕಳ್ಸೋ ಗುಲಾಬಿ ಹೂವಿಂದ ಹುಡುಗನ ನೌಕ್ರಿ ಹೋದ್ರ, ಅಣ್ಣ ನನಗ ಹೊಸ್ತಿಲ ತುಳೀಲಕ ಬಿಡಂಗಿಲ್ಲ.

ಮೇಡಂ: ನಿಮ್ಮ ಗುಲಾಬಿ ಅವರಿಗಿ ಕಾಣಂಗೇ ಇಲ್ರಿ. 2016ರ ಮೇ ತಿಂಗಳದಾಗ ಅಲ್ಲಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾಗಿದ್ದ ಜೇಮ್ಸ್ ಕ್ಲಾಪರ್ 5ನೇ ನಂಬರ್ ನಿರ್ದೇಶನ ಹೊರಡಿಸಿದ್ರು. ಅದರ ಪ್ರಕಾರ ಎಲ್ಲರಿಗೂ ಕಾಣುವಂಗ ಬಿಟ್ಟದ್ದು ಏನದ, ಅಷ್ಟೇ ನೋಡಬೇಕು. ಪಾಸ್‌ವರ್ಡ್ ಕೇಳಂಗಿಲ್ಲ. 'ಲಾಗಿನ್ ಆಗಿ ತೋರ್ಸು' ಅನ್ನಂಗಿಲ್ಲ. ಫ್ರೆಂಡ್ ರಿಕ್ವೆಸ್ಟ್ ಕಳ್ಸಿ ಒಳಗ ಹೊಕ್ಕಂಗಿಲ್ಲ.

ಜಮಾದಾರ್: ಪಾಸ್‌ವರ್ಡೂ ಇಲ್ಲ, ಒಳಗೂ ಹೊಕ್ಕಂಗಿಲ್ಲ. ತನಿಖಿ ಅಂತಾರೋ, ಗುಡಿ ಹೊರಗ ನಿಂತು ಶಿಖರ ನೋಡೋದು ಅಂತಾರೋ?

ಮೇಡಂ: ಶಿಖರದ ಮ್ಯಾಲೇ ಮಂದಿ ಎಷ್ಟು ಬರದಿರ್ತಾರ ಅಂತ ನಿಮ್ಗ ಗೊತ್ತಿಲ್ಲ ಜಮಾದಾರ್ರೆ.

ಕಾಕಾ: ಹಂಗಾದ್ರ ಫೇಸ್‌ಬುಕ್‌ನಾಗ ಅವನ ಫೋಟೋ ಕೆಳಗ ನಾ 'ಹುಲಿ ಮಗಾ ಹುಲಿ' ಅಂತ ಬರದೀನಿ. ಅದು ಎಲ್ಲರಿಗೂ ಕಾಣ್ತದ.

ಮೇಡಂ: ತೂಗಿ ನೋಡ್ಲಕ ಅವರ ಹತ್ರ 13 ಮಾನದಂಡ ಅವ. ದೇಶನಿಷ್ಠಿ, ವಿದೇಶಿ ಪ್ರಭಾವ, ಸಾಲ, ಕುಡಿತ, ಮಾದಕ ವಸ್ತು, ಸ್ವಂತ ನಡತಿ, ಹಿಂಗ. ಹುಲಿ ಅದರಾಗಿಲ್ಲ. ಮತ್ತ ನೀವು ಮೂರನೇ ಮಂದಿ. ರಾಷ್ಟ್ರೀಯ ಭದ್ರತಿಗಿ ಸಂಬಂಧ ಇರದಿದ್ರ ಮೂರನೇಯವರ ವಿಷಯ ಬೆನ್ನು ಹತ್ತಂಗಿಲ್ಲ, ಕೂಡಿಸಿ ಇಡಂಗಿಲ್ಲ.

ಜಮಾದಾರ್: ನಂದು ಬ್ಯಾರೆ ಪ್ರಶ್ನಿ. ಒಂದೇ ಹೆಸರಿನಾಂವ ಹತ್ತು ಮಂದಿ ಇದ್ರ? ನಮ್ಮೂರಾಗ ಶರಣಬಸಪ್ಪ ಅಂತ ಹೊಡದ್ರ ಮೊಬೈಲೇ ಕೈ ಮುಗೀತದ.

ಮೇಡಂ: ಎಡವೋದು ಹೆಚ್ಚಾಗಿ ಅಲ್ಲೇ. ಹೆಸರು ಕೂಡಿದ್ರ ಸಾಲಂಗಿಲ್ಲ. ಫೋಟೋ, ಹುಟ್ಟಿದೂರು, ಓದಿದ ಕಾಲೇಜು, ಹಳೇ ಇಮೇಲು, ಇಂಥಾವು ಒಂದಕ್ಕೊಂದು ಕೂಡಬೇಕು. ಖಾತ್ರಿ ಆಗದ ಮಾಹಿತಿ ಒಂದೇ ಹಿಡಕೊಂಡು ಯಾರ ಮ್ಯಾಲೂ ಕ್ರಮ ತಗೋಬಾರದಂತ ಅದೇ ನಿರ್ದೇಶನದಾಗ ಅದ. ಅದಕ್ಕ ಹುಡುಗಗ ಹೇಳ್ರಿ: ಲಾಗಿನ್ ಆಗದ ಬ್ರೌಸರ್‌ನಾಗ ತನ್ನ ಹೆಸರು, ಹಳೇ ಯೂಸರ್‌ನೇಮು, ಹಳೇ ಫೋನ್ ನಂಬರ್ ಹಾಕಿ ತಾನೇ ಒಮ್ಮಿ ಹುಡುಕಲಿ. ಯಾರರೆ ಇವನ ಫೋಟೋ ಹಾಕ್ಕೊಂಡು ನಕಲಿ ಖಾತಿ ತಗದಿದ್ರ ರಿಪೋರ್ಟ್ ಹೊಡದು, ಹೊಡದದ್ದರ ಸ್ಕ್ರೀನ್‌ಶಾಟ್ ಇಟ್ಕೋಲಿ.

ಕಾಕಾ: ಹುಡುಕಿ, ಸಿಕ್ಕದ್ದೆಲ್ಲಾ ಅಳಸ್ಲಿ?

ಮೇಡಂ: ಏ ಬ್ಯಾಡ್ರಿ! ಅಳಸೋದೇ ಹುಚ್ಚುತನ. ಅಳಿಸಿದ್ದು ಇನ್ನೊಬ್ಬರ ಸ್ಕ್ರೀನ್‌ಶಾಟಿನಾಗ ಇರ್ತದ, ಟ್ಯಾಗ್ ಮಾಡಿದ ಗೆಳೆಯಾನ ಗೋಡಿ ಮ್ಯಾಲ ಇರ್ತದ. ಅರ್ಜಿ ಹಾಕೋ ಹೊತ್ತಿಗಿ ರಾತ್ರೋರಾತ್ರಿ ಎಲ್ಲಾ ಖಾಲಿ ಮಾಡಿದ್ರ, ಇಲ್ಲದ ಸಂಶಯ ನಾವೇ ಕರದಂಗ. ಮಂದಿ ಸಿಕ್ಕಿ ಬೀಳೋದು ಹೆಚ್ಚಾಗಿ ಪೋಸ್ಟಿಂದ ಅಲ್ಲ, ಪೋಸ್ಟಿಗೂ ಫಾರ್ಮಿಗೂ ತಾಳ ಕೂಡದ್ದಕ್ಕ.

ಬಸು: ಕ್ಲಿಯರೆನ್ಸಿಗಿ ತುಂಬೋ ಎಸ್‌ಎಫ್-86 ಅಂತಾರಲ್ಲ, ಆ ಫಾರ್ಮಾ? ಪಿಡಿಎಫ್ ಪ್ರಿಂಟ್ ತಗದ್ರ 136 ಪುಟ. ಪುಟಕ್ಕ ಮೂರು ರೂಪಾಯಿ ಹಿಡದ್ರೂ...

ಜಮಾದಾರ್: ನಿಂದೊಂದು ಲೆಕ್ಕ! ಅದು ಈಗ ಆನ್‌ಲೈನ್ ತುಂಬೋದು. ಮೇಡಂ, ತಾಳ ಅಂದ್ರಲ್ಲ, ಬಿಡಿಸಿ ಹೇಳ್ರಿ.

ಮೇಡಂ: ಲಿಂಕ್ಡ್‌ಇನ್‌ನಾಗ 'ಮಾರ್ಚ್‌ದಿಂದ ಈ ಕಂಪನಿ' ಅಂತ ಹಾಕಿರ್ತಾನ, ಫಾರ್ಮಿನಾಗ ಜೂನ್ ಬರೀತಾನ. ನಡುವಿನ ಮೂರು ತಿಂಗಳು ಎಲ್ಲಿದ್ದ? ಖರೇ ಹೇಳಬೇಕಂದ್ರ ಮನ್ಯಾಗ ಮಲಗಿರ್ತಾನ. ಆದ್ರ ಬಯೋಡಾಟಾ ದಪ್ಪ ಕಾಣ್ಲಿ ಅಂತ ಮಾಡಿದ್ದು ಇಲ್ಲಿ ಸುಳ್ಳಾಗಿ ಎದ್ದು ನಿಂದರ್ತದ. ಇನ್ನೊಂದು, ಏಳು ವರ್ಷದ ವಿದೇಶ ಪ್ರವಾಸ ಬರೀರಿ ಅಂತಾರ. ಎರಡು ದಿನ ದುಬೈಗಿ ಹೋಗಿದ್ದು ಮರ್ತಿರ್ತಾನ. ಇನ್‌ಸ್ಟಾಗ್ರಾಂ ಮರೆಯಂಗಿಲ್ಲ, ಬುರ್ಜ್ ಖಲೀಫಾ ಮುಂದ ಕೈ ಚಾಚಿ ನಿಂತಿರ್ತಾನ. ಪಾಸ್‌ಪೋರ್ಟಿನ ಶಿಕ್ಕಾ, ಫೋನಿನ ಫೋಟೋ ಎರಡೂ ಮುಂದಿಟ್ಕೊಂಡು ಆ ಕಲಂ ತುಂಬಬೇಕು.

ಕಾಕಾ: ಗಾಂಜಾ ಗೀಂಜಾ? ಅಲ್ಲಿ ಅಂಗಡ್ಯಾಗೇ ಮಾರ್ತಾರಂತಲ್ಲ.

ಮೇಡಂ: ಕೆಲವು ರಾಜ್ಯದಾಗ ಮಾರ್ತಾರ. ಆದ್ರ ಕ್ಲಿಯರೆನ್ಸ್ ಕೊಡೋದು ಕೇಂದ್ರ ಸರ್ಕಾರ, ಕೇಂದ್ರದ ಕಾನೂನಿನಾಗ ಅದು ತಪ್ಪೇ. ಏಳು ವರ್ಷದ ಲೆಕ್ಕ ಕೇಳ್ತಾರ. ಎಂದೋ ಕಾಲೇಜಿನಾಗ ಸೇದಿದ್ದೆ, ಬಿಟ್ಟೀನಿ ಅಂತ ಬರದ್ರ ಎಷ್ಟು ಹಳೇದು, ಮತ್ತ ಮಾಡ್ಯಾನೇನು, ತಾನೇ ಹೇಳ್ಯಾನೇನು, ಎಲ್ಲಾ ನೋಡಿ ತೂಗ್ತಾರ. 'ಇಲ್ಲ' ಅಂತ ಬರದು, ಹೊಗಿ ಬಿಡೋ ಫೋಟೋ ಸಿಕ್ತೋ, ಆಗ ಗಾಂಜಾಕ್ಕಿಂತ ಸುಳ್ಳೇ ಭಾರ. ಸುಳ್ಳು ಹೇಳಿಕಿಗಿ ಐದು ವರ್ಷದ ತನಕ ಜೈಲು ಅದ ಅಲ್ಲಿ.

ಜಮಾದಾರ್: ಇದು ನಮ್ಮಲ್ಲೂ ಹಂಗೇ. ಕೇಂದ್ರದ ನೌಕ್ರಿ ಅಟೆಸ್ಟೇಷನ್ ಫಾರ್ಮಿನ ತಲಿ ಮ್ಯಾಲೇ ಬರದಿರ್ತದ, ಸುಳ್ಳು ಹೇಳಿದ್ರ, ಮುಚ್ಚಿಟ್ರ ಅನರ್ಹ ಅಂತ. ಅರೆಸ್ಟ್ ಆಗಿದ್ದಿಯೇನು, ಕೇಸ್ ನಡದದೇನು, ದಂಡ ಬಿದ್ದದೇನು, ಎಲ್ಲಾ ಕೇಳ್ತಾರ. ಹುಡುಗೂರು ಜಾತ್ರ್ಯಾಗಿನ ಜಗಳದ ಕೇಸು ರಾಜಿ ಆಗಿ ಮುಗದದಲ್ಲ ಅಂತ 'ಇಲ್ಲ' ಬರೀತಾರ. ಠಾಣಾದ ರಿಜಿಸ್ಟರ್‌ನಾಗ ಇದ್ದೇ ಇರ್ತದ.

ಮೇಡಂ: ಹಿಂಗ ಮುಚ್ಚಿಟ್ಟದ್ದರ ಬಗ್ಗೇನೇ ಅದ ಅವತಾರ್ ಸಿಂಗ್ ಪ್ರಕರಣ, 2016ರ ಸುಪ್ರೀಂ ಕೋರ್ಟ್ ತೀರ್ಪು. ಸಣ್ಣ ತಪ್ಪು, ಹರೇದ ವಯಸ್ಸಿನ ಹುಡುಗಾಟ ಇದ್ರ ಮಾಲೀಕ ಮನ್ನಿಸಬಹುದು. ಆದ್ರ ಹೇಳೋದಂತೂ ಖರೇನೇ ಹೇಳಬೇಕು.

ಬಸು: ಮತ್ತ ನಮ್ಮ ದೇಶದಾಗೂ ಫೇಸ್‌ಬುಕ್ ನೋಡ್ತಾರೇನ್ರಿ ಜಮಾದಾರ್ರೆ?

ಜಮಾದಾರ್: ಆ ಫಾರ್ಮಿನಾಗ ಅದರ ಕಲಂ ಇಲ್ಲ. ಆದ್ರ 2021ರ ಫೆಬ್ರವರಿದಾಗ ಉತ್ತರಾಖಂಡದ ಪೊಲೀಸ್ ಮುಖ್ಯಸ್ಥರು ಪಾಸ್‌ಪೋರ್ಟ್ ವೆರಿಫಿಕೇಶನ್‌ನಾಗ ಸೋಶಿಯಲ್ ಮೀಡಿಯಾ ನಡತಿ ನೋಡ್ತೀವಿ ಅಂದಿದ್ರು. ದೊಡ್ಡ ಗದ್ದಲಾತು. ನನ್ನ ಕೇಳಿದ್ರ ಓಣಿ ಚಹಾದಂಗಡಿನೇ ಬೇಸ್. ಲೈಕ್ ಒತ್ತಿ ಸುಮ್ಮನಾಗಂಗಿಲ್ಲ, ಕಾರಣ ಸಮೇತ ಹೇಳ್ತದ.

ಮೇಡಂ: ಅಮೆರಿಕದವರೂ ನೆರೆಮನಿ ಬಾಗಿಲು ಬಡೀತಾರ್ರಿ, ಅದನ್ನ ಬಿಟ್ಟಿಲ್ಲ.

ಬಸು: ಸೆಂಟರಿಗಿ ಬರೋರು ಇದಕ್ಕೂ ವೀಸಾಕ್ಕೂ ಗೊಜ್ಜು ಕಲಸ್ತಾರ ನೋಡ್ರಿ. ಡಿಎಸ್-160 ಅನ್ನೋದು ವೀಸಾದ ಫಾರ್ಮ್. ಅದರಾಗ 2019ರ ಮೇ 31ರಿಂದ ಐದು ವರ್ಷದಾಗ ಬಳಸಿದ ಸೋಶಿಯಲ್ ಮೀಡಿಯಾ ಖಾತಿ ಹೆಸರು ಬರೀಲೇಬೇಕು. ಹೆಸರಷ್ಟೇ, ಪಾಸ್‌ವರ್ಡ್ ಅಲ್ಲ. ಆಗ ಪಟ್ಟಿನಾಗ 20 ಕಂಪನಿ ಇದ್ದವು. ಗೂಗಲ್ ಪ್ಲಸ್ ಇತ್ತು, ವೈನ್ ಅನ್ನೋ ವಿಡಿಯೋ ಆ್ಯಪ್ ಇತ್ತು, ಅಂಗಡಿ ಮುಚ್ಚಿದವು! ವಾಟ್ಸಾಪ್ ಇರಲಿಲ್ಲ. ಮಂದಿ ಅಲ್ಲಿ ತಮ್ಮ ಹೆಸರು, ಅಡ್ಡಹೆಸರು ಬರ್ಸಲಕ ಹೋಗ್ತಾರ. ಬರೀಬೇಕಾದ್ದು ಪ್ರೊಫೈಲ್ ಲಿಂಕಿನ ಕೊನಿಗಿ ಇರೋ ಯೂಸರ್‌ನೇಮ್. ಅದನ್ನ ಹುಡುಕ್ಕೋತ ಕುಂತ್ರ 20 ನಿಮಿಷಕ್ಕ ಫಾರ್ಮ್ ಟೈಮ್ ಔಟ್. ಸೇವ್ ಮಾಡಿರದಿದ್ರ ಮತ್ತ ಅ ಆ ಇ ಈ.

ಮೇಡಂ: ಈಗ ವೀಸಾ ಇನ್ನೂ ಬಿಗಿ ಆಗೇದ. 2025ರ ಜೂನ್‌ದಿಂದ ವಿದ್ಯಾರ್ಥಿ ವೀಸಾದವರು, ಡಿಸೆಂಬರ್ 15ರಿಂದ ನೌಕ್ರಿಗಿ ಹೋಗೋ ಎಚ್-1ಬಿ, ಅವರ ಮನಿಮಂದಿ ಎಚ್-4ದವರು ಪ್ರೊಫೈಲ್ ಎಲ್ಲರಿಗೂ ಕಾಣುವಂಗ ತೆರದಿಡಬೇಕು. ತಮಾಷಿ ನೋಡ್ರಿ: ರಹಸ್ಯ ಕಡತ ನೋಡೋ ಸಿಟಿಜನ್‌ಗ 'ತೆರದದ್ದಷ್ಟೇ ನೋಡ್ತೀವಿ', ಓದ್ಲಕ ಹೋಗೋ ಹುಡುಗಗ 'ಬಾಗಿಲೇ ತೆರಿ'.

ಜಮಾದಾರ್: ಬಾಗಿಲು ಹಾಕಿದ್ದು ನೋಡಂಗಿಲ್ಲ ಅಂದ್ರ ಕಳ್ಳ ಒಳಗೇ ಕೂಡ್ತಾನಲ್ಲ?

ಮೇಡಂ: ಕೂತಿದ್ದ. ಜ್ಯಾಕ್ ಟೆಷೇರಾ, ಅಮೆರಿಕದ ವಾಯುದಳದ ಮೀಸಲು ಪಡಿ ಏರ್ ನ್ಯಾಷನಲ್ ಗಾರ್ಡ್‌ನಾಂವ, ಟಾಪ್ ಸೀಕ್ರೆಟ್ ಕ್ಲಿಯರೆನ್ಸ್ ಇದ್ದಾಂವ. ಡಿಸ್ಕಾರ್ಡ್ ಅನ್ನೋ ಹರಟಿ ಆ್ಯಪಿನಾಗ ಗೇಮ್ ಆಡೋ ಗೆಳ್ಯಾರ ಗುಂಪಿನಾಗ ರಹಸ್ಯ ಕಾಗದ ಹಾಕ್ದ. 2023ರ ಏಪ್ರಿಲ್‌ದಾಗ ಹಿಡದ್ರು, 2024ರ ನವೆಂಬರ್‌ದಾಗ 15 ವರ್ಷ ಶಿಕ್ಷಿ ಆತು. ಆಹ್ವಾನ ಇದ್ದೋರಿಗಷ್ಟೇ ಕಾಣೋ ಗುಂಪು ಅದು. ಈ ತಪಾಸಣಿ ಅಲ್ಲಿಗಿ ಮುಟ್ಟಂಗಿಲ್ಲ.

ಕಾಕಾ: ಅದೆಲ್ಲಾ ಇರ್ಲಿ. ಆ ಎಸ್‌ಎಫ್-86 ಫಾರ್ಮಿನಾಗ ಸಂಬಂಧಿಕರ ಹೆಸರೂ ಬರೀಬೇಕಂತಲ್ಲ. ನಂದು ಎಲ್ಲಿ ಬರ್ತದ?

ಮೇಡಂ: 18ನೇ ಕಲಂ ಸಂಬಂಧಿಕರದು. ತಂದಿ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಅತ್ತಿ, ಮಾವ. ಕಾಕಾ ಇಲ್ಲ.

ಕಾಕಾ: ಕಾಕಾ ಇಲ್ಲ? ಹೆಂಡ್ತಿ ಅವ್ವ ಬರ್ತಾಳ, ಹೆಗಲ ಮ್ಯಾಲ ಹೊತ್ತು ಜಾತ್ರಿ ತೋರ್ಸಿದ ಕಾಕಾ ಬರಂಗಿಲ್ಲ?

ಮೇಡಂ: 19ನೇ ಕಲಂ ಅದ. ಪ್ರೀತಿ, ಪ್ರಭಾವ, ಸಮಾನ ಆಸಕ್ತಿ, ಇಲ್ಲಾ ಋಣ ಇದ್ದು, ಏಳು ವರ್ಷದಾಗ ನಿಕಟ ಸಂಪರ್ಕದಾಗಿರೋ ವಿದೇಶಿಯರು. ಅವನ ಲೆಕ್ಕದಾಗ ನೀವು ವಿದೇಶಿ. ಎದುರಾಬದುರೇನು, ಫೋನೇನು, ಮೆಸೇಜೇನು, ದಿನಾನೋ ವಾರಕ್ಕೋ ವರ್ಷಕ್ಕೋ, ಅಂತ ಟಿಕ್ ಮಾಡ್ಬೇಕು.

ಜಮಾದಾರ್: ಕಾಕಾ, ಅಂವ ಫೋನ್ ಹಚ್ತಾನೇನು?

ಕಾಕಾ: ಹಬ್ಬಕ್ಕ... ಹೋದ ವರ್ಷ ದೀಪಾವಳಿಗಿ ಹಚ್ಚಿದ್ದ. ಆದ್ರ ದಿನಾ ನನ್ನ ಹೂವಿಗಿ ನೀಲಿ ಟಿಕ್ ಬರ್ತದ.

ಜಮಾದಾರ್: ನೀಲಿ ಟಿಕ್ಕಿಗಿ ಪ್ರೀತಿ ಅಂತ ಬರ್ಕೋಬೇಕೋ, ಋಣ ಅಂತ ಬರ್ಕೋಬೇಕೋ?

ಕಾಕಾ ಮೊಬೈಲ್ ನೋಡಿದ್ರು. ಆ ಕಡಿ ಕೆರೆ ನೋಡಿದ್ರು. ಆಮ್ಯಾಲ ಮೊಬೈಲ್ ಬಸುನ ಕಡಿ ಚಾಚಿದ್ರು.

ಕಾಕಾ: ತಮ್ಮಾ ಬಸು, ಅಳಿಸಿದ ಹೂವು ವಾಪಸ್ ತರ್ಲಕ ಬರ್ತದೇನು? 'ದಿನಾ' ಅನ್ನೋದಕ್ಕ ಪುರಾವಿ ಬೇಕಾಗ್ತದ.