ಇಬ್ಬರು ಗಂಡಸರ ಪ್ರೇಮದ ಕಿರು ಕಾದಂಬರಿ: ಬೇರೆ ಬೇರೆ ಪ್ರಕಾರದಲ್ಲಿ ಬರೆದವರು ಅನುಭವ ಹೇಳಿ

ಕೇಳಿದವರು, ದಾವಣಗೆರೆ

ಇಬ್ಬರು ಗಂಡಸರ ಪ್ರೇಮಕಥೆ ಬರೆಯುತ್ತೇನೆ. ಒಂದು ಕಿರು ಕಾದಂಬರಿ ಮುಗಿದಿದೆ, ನಮ್ಮೂರಿನದೇ ಈಗಿನ ಕಾಲದ ಕಥೆ. ಮುಂದೆ ಒಂದು ಐತಿಹಾಸಿಕ, ಒಂದು ಪತ್ತೇದಾರಿ, ಆಮೇಲೆ ವೈಜ್ಞಾನಿಕ ಕಥೆ ಬರೆಯುವ ಆಸೆ ಇದೆ. ಪ್ರತಿ ಸಲ ಪ್ರಕಾರ ಬದಲಾಯಿಸಿದರೆ ಓದುಗರು ಬಿಟ್ಟು ಹೋಗ್ತಾರಾ? ಎಷ್ಟು ಉದ್ದ ಇರಬೇಕು? ಸುಖಾಂತ ಆಗಲೇಬೇಕಾ? ಬರೆದವರು, ಓದುವವರು ಯಾರಾದರೂ ಸರಿ, ಹೇಳಿ.

ಚಿತ್ರದುರ್ಗದಿಂದ

ಧೈರ್ಯವಾಗಿ ಬದಲಾಯಿಸಿ. ಓದುಗರು ಬರುವುದು ಆ ಇಬ್ಬರು ಒಂದಾಗುವುದನ್ನು ನೋಡಲು. ಅದನ್ನು ಕೊಟ್ಟರೆ ಕೋಟೆಗೂ ಬರುತ್ತಾರೆ, ಪೊಲೀಸ್ ಠಾಣೆಗೂ ಬರುತ್ತಾರೆ.

ಆದರೆ ಇಬ್ಬರ ನಡುವಿನ ತೊಡಕು ಆ ಪ್ರಕಾರದ ಒಳಗಿಂದಲೇ ಹುಟ್ಟಬೇಕು, ಇದರಲ್ಲಿ ಮಾತ್ರ ರಾಜಿ ಬೇಡ. ‘ಮನೆಯಲ್ಲಿ ಗೊತ್ತಾದರೆ ಗತಿ ಏನು’ ಅನ್ನುವ ಒಂದೇ ಭಯವನ್ನು ಎಲ್ಲ ಪುಸ್ತಕಕ್ಕೂ ಹೊತ್ತುಕೊಂಡು ಹೋದರೆ ಎಷ್ಟು ಬರೆದರೂ ಅದೇ ಕಥೆಗೆ ಪೇಟ ಸುತ್ತಿದ ಹಾಗೆ ಆಗುತ್ತದೆ.

ನಾನು ಬರೆದದ್ದು ದುರ್ಗದ ಕಥೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದನಲ್ಲ, ಅದಕ್ಕೆ ಮುಂಚಿನ ಮುತ್ತಿಗೆಯ ದಿನಗಳು. ಒಬ್ಬ ಸಿಡಿಮದ್ದು ಬೀಸುವ ಕಲ್ಲಿನ ಹತ್ತಿರ ಕೆಲಸ ಮಾಡುತ್ತಾನೆ, ಇನ್ನೊಬ್ಬ ಬತೇರಿ ಮೇಲಿನ ಕಾವಲುಗಾರ. ಕಾವಲುಗಾರ ರಾತ್ರಿ ಜಾಗ ಬಿಟ್ಟು ಇಳಿದು ಬಂದರೆ ಕೋಟೆಗೆ ಅಪಾಯ, ಬರದಿದ್ದರೆ ಬೆಳಗ್ಗೆ ಇಬ್ಬರಲ್ಲಿ ಯಾರು ಉಳಿದಿರುತ್ತಾರೋ ಗೊತ್ತಿಲ್ಲ. ಇಷ್ಟೇ ತೊಡಕು. ಇಡೀ ಪುಸ್ತಕ ಇದರ ಮೇಲೆ ನಿಂತಿತು, ಬೇರೆ ಖಳನಾಯಕ ಬೇಕಾಗಲಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಗಂಡಸರ ನಡುವಿನ ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮು ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯದು. ನಾಯಕರ ಕಾಲದ ದುರ್ಗದಲ್ಲಿ ಅದು ಇರಲಿಲ್ಲ. ಹಾಗಾಗಿ ಕಾಯ್ದೆಯ ಹೆದರಿಕೆಯನ್ನು ಅಲ್ಲಿಗೆ ತರಬೇಡಿ. ಕುಲ, ಮನೆತನ, ಮದುವೆ ಮಾಡಿಕೋ ಅನ್ನುವ ತಾಯಿ, ದೊರೆಗೆ ಕೊಟ್ಟ ಮಾತು, ಮುತ್ತಿಗೆಯ ಹಸಿವು, ಇವೆಲ್ಲ ಇದ್ದವು. ಅವೇ ಸಾಕು.

ಬರೆಯುವ ಮುಂಚೆ ಒಮ್ಮೆ ಕೋಟೆ ಹತ್ತಿ. ಫೋಟೋ ನೋಡಿ ಬರೆದರೆ ಕಲ್ಲು ಬರುತ್ತದೆ, ಬಿಸಿಲು ಬರುವುದಿಲ್ಲ. ಮದ್ದಿನ ಕಲ್ಲುಗಳ ಹತ್ತಿರ ನಿಂತು, ಇಷ್ಟು ದೊಡ್ಡದನ್ನು ತಿರುಗಿಸಿ ಬಂದವನ ತೋಳು ರಾತ್ರಿ ಹೇಗೆ ನೋಯುತ್ತಿರಬೇಕು ಅಂತ ಯೋಚಿಸಿ. ಆ ತೋಳನ್ನು ಇನ್ನೊಬ್ಬ ಒತ್ತುತ್ತಾನೆ ಅಂದರೆ ಒಂದು ಪ್ರೇಮದ ಸನ್ನಿವೇಶ ಸಿಕ್ಕಿತಲ್ವಾ? ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತು ಮೆಲ್ಲಗೆ ಮಾತಾಡಿ ನೋಡಿ, ದನಿ ಎಲ್ಲಿವರೆಗೆ ಹೋಗುತ್ತದೆ ಅಂತ. ಗುಟ್ಟಿನ ಮಾತು ಎಲ್ಲಿ ಆಡಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ದಾವಣಗೆರೆಯಿಂದ ಇನ್ನೊಬ್ಬರು

ಮೇಲಿನವರ ಮಾತು ಪತ್ತೇದಾರಿ ಕಥೆಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಕಥೆ ಯಾವ ವರ್ಷದ್ದು ಅಂತ ಮೊದಲ ಹಾಳೆಯಲ್ಲೇ ಬರೆದಿಟ್ಟುಕೊಳ್ಳಿ. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಮತ್ತೆ ಅಪರಾಧವಲ್ಲ ಅಂದಿತು. ಈ ತಾರೀಖುಗಳ ಯಾವ ಕಡೆ ನಿಮ್ಮ ಕಥೆ ಇದೆ ಅನ್ನುವುದರ ಮೇಲೆ ನಿಮ್ಮ ಪಾತ್ರ ಠಾಣೆಯಲ್ಲಿ ಬಾಯಿ ಬಿಡುತ್ತಾನೋ ಇಲ್ಲವೋ ಅನ್ನುವುದು ನಿಂತಿದೆ.

ಉದಾಹರಣೆ ಕೊಡುತ್ತೇನೆ. ಮಂಡಕ್ಕಿ ಭಟ್ಟಿಯಲ್ಲಿ ಒಂದು ಸಾವು. ಭಟ್ಟಿಯ ಲೆಕ್ಕ ಬರೆಯುವ ಹುಡುಗನ ಮೇಲೆ ಅನುಮಾನ. ಅವನು ಆ ರಾತ್ರಿ ಅಲ್ಲಿ ಇರಲಿಲ್ಲ, ಲಾರಿ ಆಫೀಸಿನ ಗೆಳೆಯನ ರೂಮಿನಲ್ಲಿದ್ದ. ಕಥೆ 2015ರದ್ದಾದರೆ, ಕೊಲೆ ಮಾಡಿಲ್ಲ ಅಂತ ತೋರಿಸಲು ಅವನು ಇನ್ನೊಂದು ಅಪರಾಧ ಒಪ್ಪಿಕೊಳ್ಳಬೇಕು, ಜೊತೆಗೆ ಗೆಳೆಯನನ್ನೂ ಸಿಕ್ಕಿಸಬೇಕು. 2019ರದ್ದಾದರೆ ಕಾಯ್ದೆಯ ಭಯ ಇಲ್ಲ, ಆದರೆ ಹೇಳಿಕೆ ಓಣಿಗೆಲ್ಲ ತಲುಪುತ್ತದೆ. ಮೊದಲನೆಯದರಲ್ಲಿ ಗೆಳೆಯ ತಾನಾಗಿ ಠಾಣೆಗೆ ನಡೆದು ಬಂದು ‘ಇವನು ನನ್ನ ಜೊತೆ ಇದ್ದ’ ಅಂದರೆ ಅದಕ್ಕಿಂತ ದೊಡ್ಡ ಪ್ರೇಮದ ಮಾತು ಬೇಕಾ? ರಹಸ್ಯ ಬಿಡಿಸುವ ಸುಳಿವೂ ಅದೇ, ಪ್ರೇಮ ಬಯಲಾಗುವ ಜಾಗವೂ ಅದೇ. ಇವೆರಡು ಬೇರೆ ಬೇರೆ ಅಧ್ಯಾಯಗಳಲ್ಲಿ ನಡೆಯುತ್ತಿದ್ದರೆ ಕಥೆ ಇನ್ನೂ ಕುದುರಿಲ್ಲ ಅಂತಲೇ ಅರ್ಥ.

ದಯವಿಟ್ಟು ಸತ್ತವನು ಸಲಿಂಗಿ, ಕೊಂದವನೂ ಗುಟ್ಟಿನ ಸಲಿಂಗಿ ಅನ್ನುವ ಹಳೇ ದಾರಿ ಹಿಡಿಯಬೇಡಿ. ನಮ್ಮಂಥವರು ಅದನ್ನು ಓದಿ ಓದಿ ಸಾಕಾಗಿದ್ದೇವೆ.

ಚಳ್ಳಕೆರೆಯಿಂದ

ವೈಜ್ಞಾನಿಕ ಕಥೆಗೆ ಅಮೆರಿಕಕ್ಕೆ ಹೋಗಬೇಡಿ, ನಮ್ಮ ಕಡೆ ಬನ್ನಿ. 2023ರ ಏಪ್ರಿಲ್ 2ರಂದು ಇಲ್ಲಿನ ಪರೀಕ್ಷಾ ವಲಯದಲ್ಲಿ ಇಸ್ರೋ ಮತ್ತೆ ಮತ್ತೆ ಬಳಸಬಹುದಾದ ತನ್ನ ರೆಕ್ಕೆಯ ಬಾಹ್ಯಾಕಾಶ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು, ಅದು ತಾನಾಗಿಯೇ ರನ್‌ವೇಗೆ ಬಂದು ಇಳಿಯಿತು. ಸುತ್ತಮುತ್ತ ಅಮೃತಮಹಲ್ ಕಾವಲಿನ ಹುಲ್ಲುಗಾವಲು, ಕುರಿ ಮೇಯಿಸುವವರು, ಶೇಂಗಾ ಹೊಲ. ಬೇಲಿಯ ಒಳಗೆ ಒಬ್ಬ ಎಂಜಿನಿಯರ್, ಹೊರಗೆ ಕುರಿಗಾಹಿ. ಒಳಗಿನವನಿಗೆ ಕೆಲಸದ ವಿಷಯ ಬಾಯಿ ಬಿಡುವ ಹಾಗಿಲ್ಲ, ಹೊರಗಿನವನಿಗೆ ಹುಲ್ಲುಗಾವಲು ಹೋದ ಸಿಟ್ಟು. ತೊಡಕು ಅಲ್ಲೇ ಇದೆ. ಐವತ್ತು ವರ್ಷ ಮುಂದಿನ ಕಥೆ ಬರೆದರೂ ಆ ಬೇಲಿ ಇಟ್ಟುಕೊಳ್ಳಿ. ಮುಂದಿನ ಕಾಲದಲ್ಲಿ ಇಬ್ಬರು ಗಂಡಸರು ಜೊತೆಗಿರುವುದು ಸಹಜ ಅಂತ ಮಾಡುವ ಸ್ವಾತಂತ್ರ್ಯ ನಿಮಗಿದೆ. ಅದನ್ನು ಪೂರ್ತಿ ಬಳಸಿ, ವಿವರಣೆ ಕೊಡಬೇಡಿ.

ಹರಿಹರದಿಂದ, ಓದುಗಿ

ನಾನು ಬರೆಯುವುದಿಲ್ಲ, ಓದುತ್ತೇನೆ, ತುಂಬಾ ಓದುತ್ತೇನೆ. ಕನ್ನಡದಲ್ಲಿ ಓದುವವರಿದ್ದಾರಾ ಅಂತ ಹೆದರಬೇಡಿ. ಸಲಿಂಗಿಯೊಬ್ಬನ ಬದುಕಿನ ಕಥೆಗಳ ಸಂಕಲನ, ವಸುಧೇಂದ್ರ ಅವರ ‘ಮೋಹನಸ್ವಾಮಿ’ ಬಂದಿದ್ದೇ 2013ರಲ್ಲಿ, ನಮ್ಮ ಓದುಗರಿಗೆ ಈ ಬದುಕು ಹೊಸದೇನಲ್ಲ.

ಸುಖಾಂತದ ಬಗ್ಗೆ ನನ್ನದು ಹಟ. ಪ್ರೇಮಕಥೆ ಅಂತ ಹೇಳಿ ಕೈಗೆ ಕೊಟ್ಟ ಮೇಲೆ ಕೊನೆಯಲ್ಲಿ ಇಬ್ಬರೂ ಬದುಕಿರಬೇಕು, ಜೊತೆಗಿರಬೇಕು. ಒಬ್ಬನನ್ನು ಕೊಲ್ಲುವ ಆಸೆ ಇದ್ದರೆ ಅದನ್ನು ದುರಂತ ಕಥೆ ಅಂತಲೇ ಕರೆಯಿರಿ, ಓದುವವರು ಮನಸ್ಸು ಗಟ್ಟಿ ಮಾಡಿಕೊಂಡು ಬರುತ್ತಾರೆ. ದುರ್ಗದ ಮುತ್ತಿಗೆಯಲ್ಲೂ ಇಬ್ಬರು ತಪ್ಪಿಸಿಕೊಂಡು ಹೋಗಬಹುದು, ಯಾರು ತಡೆದರು?

ಈಗಿನ ಕಾಲದ ಕಥೆಯಲ್ಲಿ ಮದುವೆ ರಿಜಿಸ್ಟರ್ ಮಾಡಿಸಿ ಮುಗಿಸಲು ಆಗುವುದಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಸ್ಪಷ್ಟ ಮಾಡಿದೆ. ಬ್ಯಾಂಕಿನಲ್ಲಿ ಫಾರ್ಮ್ ತುಂಬುವಾಗ ಒಬ್ಬ ಇನ್ನೊಬ್ಬನ ಹೆಸರು ಬರೆಯುವುದನ್ನು ಓದಿದರೆ ನನ್ನ ಕಣ್ಣಲ್ಲಿ ನೀರು ಬರುತ್ತದೆ, ತಾಳಿ ಕಟ್ಟಿಸಿದ್ದಕ್ಕಿಂತ ಜಾಸ್ತಿ.

ಆಮೇಲೆ ಓದುವಾಗ ಕಾಡುವ ಒಂದು ತೊಂದರೆ. ‘ಅವನು ಅವನ ಕೈ ಹಿಡಿದ’ ಅಂತ ಬರೆದರೆ ಯಾರು ಯಾರ ಕೈ ಹಿಡಿದರು? ಒಂದು ಅಧ್ಯಾಯವನ್ನು ಒಬ್ಬನ ಕಣ್ಣಿನಿಂದಲೇ ಬರೆಯಿರಿ, ಎದುರಿನವನನ್ನು ಹೆಸರು ಹಿಡಿದು ಕರೆಯಿರಿ, ‘ತನ್ನ’ ಅನ್ನುವುದನ್ನು ಚೆನ್ನಾಗಿ ಬಳಸಿ. ಇನ್ನು ‘ಸಾರ್, ನೀವು’ ಅನ್ನುತ್ತಿದ್ದವನು ಒಂದು ದಿನ ‘ನೀನು’ ಅನ್ನುತ್ತಾನಲ್ಲ, ಆ ಗಳಿಗೆಯನ್ನು ಸುಮ್ನೆ ದಾಟಿಸಬೇಡಿ. ಪುಟಗಟ್ಟಲೆ ಕಾದು ಬರಲಿ.

ಮತ್ತೆ ಚಿತ್ರದುರ್ಗದಿಂದ

ಉದ್ದದ ಪ್ರಶ್ನೆಗೆ ಉತ್ತರ ಬಿಟ್ಟು ಹೋಗಿತ್ತು. ವೈಜ್ಞಾನಿಕ ಕಥೆಗಳಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯವರು ಕಿರು ಕಾದಂಬರಿ ಅಂದರೆ 17,500ರಿಂದ 40,000 ಪದದೊಳಗೆ ಅನ್ನುತ್ತಾರೆ. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಇನ್ನೂ ಕಡಿಮೆ ಪದದಲ್ಲಿ ಆಗುತ್ತದೆ. ಪದ ಎಣಿಸುವ ಬದಲು ತೊಡಕು ಎಣಿಸಿ. ಈ ಅಳತೆಗೆ ಒಂದು ದೊಡ್ಡ ತೊಡಕು, ಇಬ್ಬರು ಮುಖ್ಯರು, ಬೆರಳೆಣಿಕೆಯಷ್ಟು ಬೇರೆ ಪಾತ್ರ ಸಾಕು. ಅಕ್ಕನ ಮದುವೆ, ಅಪ್ಪನ ಸಾಲ, ಆಸ್ತಿ ಜಗಳ ಎಲ್ಲ ಸೇರಿದರೆ ಅದು ದೊಡ್ಡ ಕಾದಂಬರಿಯ ಸರಕು. ಪ್ರತಿಲಿಪಿಯಂಥ ಆನ್‌ಲೈನ್ ಕಥೆಗಳ ತಾಣದಲ್ಲಿ ಕಂತು ಕಂತಾಗಿ ಹಾಕುವುದಾದರೂ ಮೊದಲು ಪೂರ್ತಿ ಬರೆದು ಮುಗಿಸಿ, ಆಮೇಲೆ ಹಾಕಿ. ನಡುವೆ ಬರುವ ಕಾಮೆಂಟ್ ನೋಡಿ ಕಥೆ ತಿರುಗಿಸುವ ಆಸೆ ಹುಟ್ಟುತ್ತದೆ, ಪತ್ತೇದಾರಿ ಕಥೆಗಂತೂ ಅದು ಕೇಡು.

ಕಾವ್ಯನಾಮ ಒಂದೇ ಇರಲಿ. ಪ್ರಕಾರ ಯಾವುದು, ಪ್ರೇಮ ಯಾರ ನಡುವೆ ಅನ್ನುವುದನ್ನು ಪರಿಚಯದ ಮೊದಲ ಸಾಲಿನಲ್ಲೇ ಹೇಳಿ. ಮುಚ್ಚಿಟ್ಟು ಓದಿಸಿದರೆ ಬೈಯುವವರು ಬರುತ್ತಾರೆ, ಬೇಕಾದವರಿಗೆ ಪುಸ್ತಕ ಸಿಗುವುದೇ ಇಲ್ಲ.

ಮೊದಲು ಯಾವುದು ಬರೆಯುತ್ತೀರಿ ಹೇಳಿ. ಕೋಟೆಯ ಕಥೆಯಾದರೆ ಮೊದಲ ಎರಡು ಅಧ್ಯಾಯ ಕಳಿಸಿ, ಕಾಲದ ವಿವರ ನಾನು ನೋಡಿ ಕೊಡುತ್ತೇನೆ. ರನ್‌ವೇ ವಿಷಯವನ್ನು ಚಳ್ಳಕೆರೆಯವರಿಗೇ ಬಿಡುತ್ತೇನೆ.