'ರೇರ್ ಬುಕ್ಸ್' ಕೋಣೆಗೆ ಕನ್ನಡ ಬೋರ್ಡ್: ನಾಳೆಯೊಳಗೆ ಪದ ಬೇಕು

ಕೃಷಿ ವಿಶ್ವವಿದ್ಯಾಲಯವೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಪುಸ್ತಕಗಳಿಗೆ ಈಗ ಬೇರೆ ಕೋಣೆ ಆಗಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದ ಮೂರು ಸಂಪುಟಗಳೂ ಇವೆ, 1807ರ ಲಂಡನ್ ಮುದ್ರಣ. ಮುಟ್ಟಿದರೆ ಬೈಂಡಿನ ತೊಗಲು ಕೆಂಪು ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಬಾಗಿಲಿಗೆ 'ವಿರಳ ಗ್ರಂಥಗಳು: ಕೃಷಿ ಮತ್ತು ನೈಸರ್ಗಿಕ ಇತಿಹಾಸ' ಅಂತ ಬರೆದುಕೊಟ್ಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಪೇಂಟರ್ ನಾಳೆ ಬರುತ್ತಾರೆ.

ಉತ್ತರ 1:
ವಿರಳ ಬೇಡವೇ ಬೇಡ. ಅದು ದಟ್ಟ ಅನ್ನುವುದರ ಎದುರು ಪದ. ಕಾಡು ವಿರಳ, ಕೂದಲು ವಿರಳ. 'ಅಪರೂಪ'ವೂ ಬೇಡ, ಸಂಸ್ಕೃತದಲ್ಲಿ ಅದಕ್ಕೆ ವಿಕಾರ ಅಂತ ಅರ್ಥ. ಇನ್ನು ಕೃಷಿ ಯಾಕೆ? ಅಚ್ಚಗನ್ನಡದ ಬೇಸಾಯ ಇಲ್ವಾ?

ಉತ್ತರ 2:
ಬೇಸಾಯ ಅಚ್ಚಗನ್ನಡ ಅಲ್ಲ. 'ವ್ಯವಸಾಯ'ದ ತದ್ಭವ. ಸಂಸ್ಕೃತದಲ್ಲಿ ಅದು ಪ್ರಯತ್ನ, ನಿಶ್ಚಯ. ಹೊಲದ ಕೆಲಸಕ್ಕೆ ಅದನ್ನು ಹಚ್ಚಿದವರು ನಮ್ಮ ಕಡೆಯ ರೈತರು. ತಮಿಳರ ವಿವಸಾಯವೂ ಅದೇ. ಹಳೇ ಮೈಸೂರಿನ ಆರಂಬ ಕೂಡ 'ಆರಂಭ'ವೇ. ಅಚ್ಚಗನ್ನಡವೇ ಬೇಕು ಅಂದರೆ ಉತ್ತರ ಕರ್ನಾಟಕದ ಒಕ್ಕಲುತನ ಇದೆ. 'ಅಪರೂಪಕ್ಕೆ ಬಂದ್ರಿ' ಅಂತ ನೆಂಟರಿಗೆ ಹೇಳುವಾಗ ಯಾರಿಗೂ ವಿಕಾರ ನೆನಪಾಗಲ್ಲ. ಅಪರೂಪ ಇರಲಿ.

ನಿಜವಾದ ತಪ್ಪು 'ಇತಿಹಾಸ'ದಲ್ಲಿದೆ. ಇಂಗ್ಲಿಷಿನ 'ನ್ಯಾಚುರಲ್ ಹಿಸ್ಟರಿ'ಯನ್ನು ಪದಕ್ಕೆ ಪದ ಇಳಿಸಿದ್ದಾರೆ. ಆ 'ಹಿಸ್ಟರಿ'ಯ ಮೂಲ ಬೇರೆ. ಗ್ರೀಕಿನ 'ಹಿಸ್ಟೋರಿಯಾ' ಅಂದರೆ ವಿಚಾರಿಸಿ ತಿಳಿಯುವುದು. ಪ್ರಾಚೀನ ರೋಮಿನ ಲೇಖಕ ಪ್ಲಿನಿ ತನ್ನ ಲ್ಯಾಟಿನ್ ಗ್ರಂಥಕ್ಕೆ 'ನ್ಯಾಚುರಾಲಿಸ್ ಹಿಸ್ಟೋರಿಯಾ' ಅಂತ ಹೆಸರಿಟ್ಟಿದ್ದೂ ಈ ಅರ್ಥದಲ್ಲೇ. ಗಿಡ, ಹಕ್ಕಿ, ಕಲ್ಲು, ಲೋಹ ಎಲ್ಲದರ ವಿವರ ಅಲ್ಲಿದೆ. ಕನ್ನಡದಲ್ಲಿ ಇತಿಹಾಸ ಅಂದರೆ ನಡೆದುಹೋದ ಸಂಗತಿ. ಬೋರ್ಡ್ ನೋಡಿದ ವಿದ್ಯಾರ್ಥಿ ಒಳಗೆ ಹಕ್ಕಿಗಳ ಚಿತ್ರಪುಸ್ತಕ ಇದೆ ಅಂತ ಹೇಗೆ ಊಹಿಸಬೇಕು? ಬರೀ 'ನಿಸರ್ಗ' ಸಾಕು.

ಉತ್ತರ 1ರವರಿಂದ ಮತ್ತೆ:
ಬಂದದ್ದನ್ನೆಲ್ಲ ನಮ್ಮದು ಅಂತ ಒಪ್ಪುತ್ತಾ ಹೋದರೆ ನಾಳೆ 'ರೇರ್ ಬುಕ್ಸ್' ಕೂಡ ಕನ್ನಡವೇ. ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ನಾನು ಒಪ್ಪಲ್ಲ.

ಉತ್ತರ 2ರವರಿಂದ:
1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ನೆಲದಡಿಯ ನೀರು ಹುಡುಕುವುದಕ್ಕೆ ಉದಕಾರ್ಗಳ ಅಂದ, ಗಿಡಮರದ ಆರೈಕೆಗೆ ವೃಕ್ಷಾಯುರ್ವೇದ ಅಂದ. ಎರಡೂ ಸಂಸ್ಕೃತ ಪದ. ಅವನನ್ನೂ ಹೊರಗೆ ಹಾಕ್ತೀರಾ?

ಕೇಳಿದವರಿಂದ:
'ಅಪರೂಪದ ಪುಸ್ತಕಗಳು: ಕೃಷಿ, ನಿಸರ್ಗ' ಅಂತ ಬರೆಸುತ್ತೇನೆ. ಒಕ್ಕಲುತನ ನನಗೆ ತುಂಬಾ ಇಷ್ಟವಾಯಿತು. ಆದರೆ ವಿಶ್ವವಿದ್ಯಾಲಯದ ಹೆಸರಲ್ಲೇ ಕೃಷಿ ಇದೆ, ಬಾಗಿಲಿಗೆ ಬೇರೆ ಪದ ಹಾಕಲು ಬಿಡುವುದಿಲ್ಲ. ನಾಲ್ಕಡಿ ಹಲಗೆಯಲ್ಲಿ ಒಂದೇ ಸಾಲಿಗೆ ಹಿಡಿಯುತ್ತದೆ.