ಸಹಾಯ ಬೇಕು: ಬೀದಿ ವ್ಯಾಪಾರಿಗಳ ಅರ್ಜಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ತಿರುವಿನಲ್ಲಿ ಸೊಪ್ಪು, ಹೂವು ಮಾರುವ ಹನ್ನೊಂದು ಮಂದಿಗೆ ‘ರಸ್ತೆ ಅಗಲವಾಗುತ್ತದೆ, ಜಾಗ ಬಿಡಿ’ ಎಂದು ಕಳೆದ ವಾರ ಬಾಯಿಮಾತಿನಲ್ಲೇ ಹೇಳಿ ಹೋಗಿದ್ದಾರೆ. ನೋಟಿಸ್ ಕೊಟ್ಟಿಲ್ಲ, ನಕ್ಷೆ ತೋರಿಸಿಲ್ಲ. ಅವರಲ್ಲಿ ನನ್ನ ಅತ್ತೆಯೂ ಒಬ್ಬರು. ಮಲೆನಾಡಿನ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಕುಳಿತು ಮೂವರು ಮಕ್ಕಳನ್ನು ಓದಿಸಿದವರು. ರಸ್ತೆ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮನ್ನೂ ಕೂರಿಸಿಕೊಂಡು ಯೋಜನೆ ಮಾಡಿ ಎನ್ನುತ್ತಿದ್ದೇವೆ, ಅಷ್ಟೇ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಇಂಥ ಸಮಿತಿಯ ಹೆಸರನ್ನೇ ನಮ್ಮವರು ಕೇಳಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಸಮಿತಿಯ ನಡಾವಳಿ ಮತ್ತು ರಸ್ತೆಯ ನಕ್ಷೆ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. ಆದರೆ ಉತ್ತರಕ್ಕೆ 30 ದಿನ ಕಾಯುವಷ್ಟು ಸಮಯವಿಲ್ಲ. ಹಾಸನದಲ್ಲೋ ಬೇರೆ ಊರಿನಲ್ಲೋ ‘ನಮ್ಮನ್ನೂ ಕೂರಿಸಿಕೊಂಡು ಯೋಜನೆ ಮಾಡಿ’ ಎಂಬ ಮನವಿ ಸಲ್ಲಿಸಿದವರು ಅದರ ಮಾದರಿ ಕೊಡುವಿರಾ? ನಕ್ಷೆ ಓದಲು ಬಲ್ಲ ಎಂಜಿನಿಯರ್ ಯಾರಾದರೂ ಭಾನುವಾರ ಸಂಜೆ ಒಂದು ಗಂಟೆ ಕಾಲ ಬಂದರೆ ಸಾಕು, ಹನ್ನೊಂದು ಮಂದಿಯೂ ಕಾದಿರುತ್ತಾರೆ.